ಊದುಗೊಳವೆ ಪಂಪೂ ನನ್ನ ಕಿವಿಯೂ

ಮಂಡಿಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಹಂಡೆಯಾಗಲಿ ಕೊಳಗವಾಗಲಿ, ಬೆರಳಲ್ಲಿ ಒಮ್ಮೆ ತಟ್ಟಿದರೆ ಸಾಕು, ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದಿನಲ್ಲೇ ಹೇಳಿಬಿಡುತ್ತೇನೆ. ಇಂಥ ದಿವ್ಯ ಕರ್ಣಗಳಿಗೆ ಪೇಟೆಯಲ್ಲಿರುವ ಮರ್ಯಾದೆ ಮನೆಯಲ್ಲಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ನನ್ನ ಹೆಂಡತಿ ಪ್ರಮೀಳಾ ನನ್ನನ್ನು ಕೇಳುವುದನ್ನೇ ಬಿಟ್ಟಿದ್ದಾಳೆ. ಹೋಗಲಿ ಬಿಡಿ, ಈಗ ಹೇಳಹೊರಟಿದ್ದು ಕಾರಿನ ವಿಷಯ.

ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ವಿದೇಶಿ ಕಾರು ಕೊಂಡೆ. ದಿನಾ ಒರೆಸುತ್ತೇನೆ, ಕವರ್ ಹೊದಿಸುತ್ತೇನೆ, ಓಡಿಸುವುದು ಮಾತ್ರ ಕಡಿಮೆ. (ಓಡಿಸಿದರೆ ಸವೆಯುವುದಿಲ್ಲವೇ?) "ನಂಗೂ ಕಲಿಸ್ರೀ" ಅಂತ ಪ್ರಮೀಳಾ ಕೇಳಿದಾಗ, "ಮೊದ್ಲು ಸ್ಕೂಟರ್ ನೆಟ್ಟಗೆ ಓಡ್ಸು ಕಣೇ" ಅಂದಿದ್ದೆ.

ಇಂಥ ಕಾರಿನಲ್ಲಿ ಒಂದು ದಿನ ಹಳದಿ ದೀಪ ಹತ್ತಿಕೊಂಡು ಕೂತಿತು. ಅದೂ ಎಂಥ ಹೊತ್ತಲ್ಲಿ! ಮುಂದಿನ ಭಾನುವಾರವೇ ಸಿ.ಎಸ್. ಪುರದಲ್ಲಿ ಪ್ರಮೀಳಾಳ ತಮ್ಮನ ಮಗುವಿಗೆ ನಾಮಕರಣ. ಕುಣಿಗಲ್‌ನಿಂದ ನನ್ನ ಷಡ್ಡಕ ಜಯಪ್ರಕಾಶ್ ಬರುತ್ತಾನೆ. "ಏನಣ್ಣಾ, ಕಾರಲ್ಲೂ ದೀಪ ಹಚ್ಕೊಂಡ್ ಬಂದಿದೀರಾ, ಕಾರ್ತೀಕ ಮಾಸವಾ?" ಅಂತ ನೆಂಟರೆಲ್ಲರ ಎದುರು ಕೇಳಿಯೇ ಕೇಳುತ್ತಾನೆ. ಅವನಿಂದ ಅನ್ನಿಸಿಕೊಂಡು ನಾನು ಪಾಯಸ ಉಣ್ಣಲಾರೆ.

ಮೆಕ್ಯಾನಿಕ್ ಶಾಬಾಜ್ ಏನೋ ಮಿಷನ್ನು ಚುಚ್ಚಿ ನೋಡಿ, "ಸೆಕೆಂಡರಿ ಏರ್ ಇಂಜೆಕ್ಷನ್ ಸರ್" ಅಂದ. ತಣ್ಣಗಿರುವ ಎಂಜಿನ್ ಶುರುವಾದಾಗ ಪೆಟ್ರೋಲು ಪೂರ್ತಿ ಉರಿಯುವುದಿಲ್ಲವಂತೆ. ಉಳಿದದ್ದು ಹೊಗೆಯ ದಾರಿಯಲ್ಲೇ ಉರಿದುಹೋಗಲಿ ಅಂತ ಒಂದು ಪಂಪು ಅಲ್ಲಿಗೆ ಒಂದು ನಿಮಿಷ ಗಾಳಿ ಊದಿ, ಆಮೇಲೆ ನಿಲ್ಲುತ್ತದಂತೆ. ಸೌದೆ ಒಲೆಯ ಊದುಗೊಳವೆಯೇ ಅನ್ನಿ!

"ಅದರ ಪೈಪ್ ಇಲಿ ಕಡಿದೈತೆ. ಬದಲಾಯ್ಸಿದೀನಿ, ದೀಪಾನೂ ಆರ್ಸಿದೀನಿ. ಪಂಪಿಗೇನಾದ್ರೂ ಏಟಾಗಿದ್ರೆ ದೀಪ ಮತ್ತೆ ಹತ್ಕೊಳತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಕೇಳಿ ಸರ್. ಗುಂಯ್ ಅಂದ್ರೆ ಸರಿ ಇದೆ."

ಕಿವಿಯ ಕೆಲಸ! ನಾನು ಮೀಸೆ ತಿರುವಿದೆ.

ಮರುದಿನ ಬೆಳಿಗ್ಗೆ ಎದ್ದವನೇ ಬಾಗಿಲಿಂದಲೇ ಕೈ ಹಾಕಿ ಸ್ಟಾರ್ಟ್ ಮಾಡಿ, ಓಡಿಹೋಗಿ ಬಾನೆಟ್ಟಿಗೆ ಕಿವಿಯಿಟ್ಟೆ. ಗುಂಯ್ ಇಲ್ಲ, ಗಿಂಯ್ ಇಲ್ಲ. ಬಾನೆಟ್ಟು ಮಾತ್ರ ಬೆಚ್ಚಗಿತ್ತು. ಪಾಪ, ಒಳಗೊಳಗೇ ಜ್ವರ ಅಂದುಕೊಂಡೆ. ಅದರ ಮರುದಿನವೂ ಅದೇ ಮೌನ, ಅದೇ ಜ್ವರ. ಶಾಬಾಜ್ ತಾನೇ ಬಂದು ಕಾರು ಒಯ್ದು ಗ್ಯಾರೇಜಿನಲ್ಲಿ ಒಂದು ರಾತ್ರಿ ನಿಲ್ಲಿಸಿಕೊಂಡ. ಬೆಳಿಗ್ಗೆ ಫೋನಿನಲ್ಲೇ ಕೇಳಿಸಿದ. ಗುಂಯ್ಯೋ ಗುಂಯ್! ಮನೆಗೆ ತಂದೆ. ಮತ್ತೆ ಮೌನವ್ರತ. (ಕಾರು ಗ್ಯಾರೇಜಿನಲ್ಲಿದ್ದ ಬೆಳಿಗ್ಗೆ ಪ್ರಮೀಳಾ ಮುಖ ಗಂಟಿಕ್ಕಿಕೊಂಡಿದ್ದಳು. ನನ್ನ ಸಂಕಟ ಕಂಡು ಮರುಗುತ್ತಿದ್ದಾಳೆ ಅಂದುಕೊಂಡು ಕರಗಿಹೋದೆ.)

ಶುಕ್ರವಾರ ತೀರ್ಪು ಕೊಟ್ಟೆ. "ಪಂಪ್ ಹೋಗಿದೆ. ದಾರೀಲಿ ದೀಪ ಹತ್ಕೊಂಡ್ರೆ ಮಾನ ಹೋಗತ್ತೆ. ಭಾನುವಾರ ಬಸ್ಸಲ್ ಹೋಗೋಣ."

"ಬಸ್ಸಲ್ಲಾ? ಮನೇಲಿ ಕಾರ್ ಇಟ್ಕೊಂಡು ತವರಿಗೆ ಬಸ್ಸಲ್ ಜೋತಾಡ್ಕೊಂಡ್ ಹೋಗ್ಬೇಕಾ? ನಿಮ್ ಕಿವಿ ಒಂದ್ಸಲ ಡಾಕ್ಟ್ರಿಗೆ ತೋರ್ಸಿ."

"ನನ್ ಕಿವೀನಾ? ಇಡೀ ಮಂಡಿಪೇಟೆ ನಂಬೋ ಕಿವಿ ಕಣೇ ಇದು!"

"ಪೇಟೆಯೋರು ನಿಮ್ ಜೊತೆ ಮಲಗಲ್ಲ ಬಿಡಿ" ಅಂದು ಒಳಗೆ ಹೋದಳು. ಅದರ ಅರ್ಥ ಆಗ ಹೊಳೆಯಲಿಲ್ಲ.

ಬೇಸರಕ್ಕೆ ಕಾರಿನಲ್ಲಿ ಕೂತುಕೊಳ್ಳಲು ಹೋದರೆ ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು. ಸೀಟು ಮುಂದಕ್ಕೆ ಸರಿದಿತ್ತು! ಬಾನೆಟ್ಟಿನ ಜ್ವರ ಜ್ಞಾಪಕಕ್ಕೆ ಬಂತು. ಎಂಜಿನ್ ತಣ್ಣಗಿದ್ದರೆ ತಾನೇ ಪಂಪು ಕೂಗುವುದು? ನಾನು ಏಳುವ ಮೊದಲೇ ಯಾರೋ ನನ್ನ ಕಾರನ್ನು ಓಡಿಸಿ ತಂದಿಡುತ್ತಿದ್ದಾರೆ. ಕಳ್ಳ! ಅದೂ ಗಿಡ್ಡ ಕಳ್ಳ!

ಯಾರಿಗೂ ಹೇಳಲಿಲ್ಲ. ಶನಿವಾರ ಕತ್ತಲಿರುವಾಗಲೇ, ಪ್ರಮೀಳಾ ಬಚ್ಚಲಲ್ಲಿದ್ದ ಹೊತ್ತು ನೋಡಿ, ಅಂಗಡಿಯಿಂದ ತಂದ ಸೌಟು ಹಿಡಿದು, ಕವರ್ ಕೆಳಗೆ ನುಸುಳಿ, ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಹೊಂಚು ಹಾಕಿದೆ. ಕಂಬಳಿ ಬೆಚ್ಚಗಿತ್ತು.

ಎಚ್ಚರವಾದದ್ದು ಹಂಪ್ ಮೇಲೆ ಕಾರು ಹಾರಿದಾಗ. ಕಾರು ಓಡುತ್ತಿದೆ! ಸೌಟೆತ್ತಿ, "ಕಳ್ಳಾ! ಕಳ್ಳಾ!" ಅಂತ ಕಿರುಚಿದೆ.

"ಎದ್ರಾ?" ಅಂದಳು ಸ್ಟಿಯರಿಂಗ್ ಹಿಡಿದಿದ್ದ ಕಳ್ಳಿ. ಇಂಡಿಕೇಟರ್ ಹಾಕಿ, ಕಾರನ್ನು ನಿಧಾನವಾಗಿ ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದಳು. ನೋಡಿದರೆ ಹೆಬ್ಬೂರು ರಸ್ತೆ. ಪಕ್ಕದ ಸೀಟಿನಲ್ಲಿ ಎದುರುಮನೆಯ ಮೆಹರ್ ಬಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಡ್ರೈವಿಂಗ್ ಸ್ಕೂಲಲ್ ಕಲ್ತು ಲೈಸೆನ್ಸೂ ತಗೊಂಡೆ. ಕೈ ಕೂರ್ಲಿ ಅಂತ ಈ ವಾರದಿಂದ ದಿನಾ ಬಾನು ಜೊತೆ ಒಂದ್ ರೌಂಡ್ ಹೊಡಿತೀನಿ. ನೀವು ಓಡ್ಸಿದ್ರೆ ಇಲಿ ಯಾಕೆ ಸೇರ್ಕೊಳೋದು?" ಅಂದಳು ಪ್ರಮೀಳಾ.

ನನಗೆ ಕೋಪ ಬಂತು, ನಾಚಿಕೆಯೂ ಬಂತು. ಆದರೆ ಬಾಯಿಗೆ ಬಂದದ್ದು ಮಾತ್ರ, "ಪಂಪು? ಪಂಪು ಕೂಗ್ತಾ?"

"ಚೆನ್ನಾಗೇ ಕೂಗ್ತು ಅಣ್ಣಾ" ಅಂದರು ಬಾನು. "ನಿಮ್ ಗೊರಕೆ ಮಧ್ಯೆ ಕೇಳಿಸ್ಕೊಳೋದೇ ಕಷ್ಟ ಆಯ್ತು."

ಭಾನುವಾರ ಕೊನೆಗೂ ತಣ್ಣನೆಯ ಬಾನೆಟ್ಟಿಗೆ ಕಿವಿಯಿಟ್ಟು ಆ ಗುಂಯ್‌ಕಾರವನ್ನು ಕಣ್ಣುಮುಚ್ಚಿ ಆಲಿಸಿದೆ. ಆಮೇಲೆ ಗೇಟಿನ ಹತ್ತಿರ ನಿಂತು ಕ್ಲಚ್ಚು, ಗೇರು, ಲಾರಿಗಳ ಬಗ್ಗೆ ಪ್ರಮೀಳಾಳಿಗೆ ಉಪನ್ಯಾಸ ಶುರುಮಾಡಿದೆ. "ಮುಂದೆ ಕೂತ್ರೆ ನಿಮ್ ಕಾಲು ಬ್ರೇಕ್ ಹುಡುಕತ್ತೆ" ಅಂದು ನನ್ನನ್ನು ಹಿಂದೆ ಕೂರಿಸಿ, ಉಡುಗೊರೆಯ ತಾಮ್ರದ ಹಂಡೆಯನ್ನು ತೊಡೆ ಮೇಲಿಟ್ಟಳು. ಗುಬ್ಬಿ ಊರು ದಾಟುವವರೆಗೂ ಅದನ್ನು ತಬ್ಬಿಕೊಂಡು ಉಸಿರು ಬಿಗಿಹಿಡಿದಿದ್ದೆ. ನಿಜ ಹೇಳಬೇಕೆಂದರೆ, ನನಗಿಂತ ಚೆನ್ನಾಗಿ ಓಡಿಸಿದಳು.

ಸಿ.ಎಸ್. ಪುರದಲ್ಲಿ ಚಪ್ಪರದ ಮುಂದೆ ಕಾರು ನಿಂತಿತು. ಕಾರಿನಲ್ಲಿ ಹುಳುಕು ಹುಡುಕಲು ಓಡಿಬಂದ ಜಯಪ್ರಕಾಶ್, ಯಾವ ದೀಪವೂ ಕಾಣದೆ, ಡ್ರೈವರ್ ಸೀಟಿನಿಂದ ಪ್ರಮೀಳಾ ಇಳಿದದ್ದು ಕಂಡು ಬಾಯಿ ಬಿಟ್ಟುಕೊಂಡು ನಿಂತ. ಹಂಡೆಯ ಹಿಂದಿನಿಂದ ನನ್ನ ತಲೆ ಹೊರಬಂದಾಗ ಅತ್ತೆ ದೊಡ್ಡಗಂಗಮ್ಮ ಗಾಬರಿಯಾದರು.

"ಅಳಿಯಂದ್ರಿಗೆ ಹುಷಾರಿಲ್ವೇನವ್ವ? ಹಿಂದ್ಗಡೆ ಕೂರ್ಸ್ಕೊಂಡ್ ಬಂದಿದೀಯಾ?"

"ಚೆನ್ನಾಗೇ ಅವ್ರೆ ಕಣವ್ವ" ಅಂದಳು ಪ್ರಮೀಳಾ, ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ. "ಹೊರಡೋವಾಗ ಒಂದ್ ನಿಮಿಷ ಗುಂಯ್ ಅಂದ್ರು. ಆಮೇಲೆ ಸುಮ್ನಾದ್ರು. ಅವ್ರ ಕೆಲ್ಸ ಅಷ್ಟೇ."