ಪಾರೀಸನ ಏಜನ್ಸಿ, ಪಂಚಗಂಗೆಯ ಮೀನು

ಎಲ್ಲ ಅನಾಹುತಕ್ಕೂ ಕಾರಣ ಒಂದು ಲಕೋಟೆ. ಅಂಗೈಯಗಲದ ಆ ಲಕೋಟೆ ಇಚಲಕರಂಜಿಗೆ ಬಾರದೆ ಇದ್ದಿದ್ದರೆ ಪಂಚಗಂಗೆಯ ಮೀನುಗಳು ಇವತ್ತಿಗೂ ಪಾಚಿ ತಿಂದುಕೊಂಡು ತಮ್ಮ ಪಾಡಿಗೆ ತಾವು ಇರುತ್ತಿದ್ದವು.

ಸಾವಿರದ ಒಂಬೈನೂರ ಮೂವತ್ತೇಳರ ದೀಪಾವಳಿ ಆಗಷ್ಟೇ ಮುಗಿದಿತ್ತು. ಲಕೋಟೆ ಬಂದದ್ದು ನೂಲಿನ ಅಂಗಡಿಯ ಕಾರಕೂನ ಪಾರೀಸನಿಗೆ. ಬರೆದವನು ವಿಲಾಯತಿಯ ಒಂದು ಮಗ್ಗದ ಕಂಪನಿಯ ಕ್ಲೆಗ್ ಸಾಹೇಬ. ನಿಮ್ಮ ಊರಲ್ಲಿ ಯಂತ್ರದ ಮಗ್ಗ ಮಾರಲು ಒಬ್ಬ ಏಜಂಟ ಬೇಕು, ಊರ ಮಂದಿ ಯಾರ ಮಾತು ಕೇಳುತ್ತಾರೋ ಅವರಿಗೇ ಏಜನ್ಸಿ, ಮಂಗಳವಾರ ಬಂದು ಕಣ್ಣಾರೆ ನೋಡಿ ಕಾಗದಕ್ಕೆ ಸಹಿ ಹಾಕಿ ಸಂಜೆಯ ಗಾಡಿಗೆ ಹೊರಡುತ್ತೇನೆ ಎಂದಿತ್ತು. ಮೂರನೆಯ ಇಯತ್ತೆಯ ಇಂಗ್ಲಿಷು ಅಲ್ಲಿಗೇ ದಣಿದದ್ದರಿಂದ ಪಾರೀಸ ಮುಂದೆ ಓದಲಿಲ್ಲ. ಮರುದಿನವೇ ಅಂಗಡಿಯ ಧಣಿಗೆ ನಮಸ್ಕಾರ ಹೊಡೆದು ನೌಕರಿ ಬಿಟ್ಟ. 'ಪಾರೀಸ ಆದಪ್ಪ ಚೌಗುಲೆ, ಸೋಲ್ ಏಜಂಟ' ಎಂದು ಬೋರ್ಡು ಬರೆಸಿದ. ಅಕ್ಷರಗಳು ಎಷ್ಟು ದೊಡ್ಡವೆಂದರೆ ಕೊಲ್ಲಾಪುರದ ಮಂದಿ ತಮ್ಮ ಮಾಳಿಗೆ ಹತ್ತಿ ನಿಂತು ಓದಿದರಂತೆ.

ಪತ್ರಕ್ಕೆ ಒಂದು ಬಾಲವಿದ್ದದ್ದು ತಿಳಿದದ್ದು ಸೋಮವಾರ ಸಂಜೆ. ಅದನ್ನು ಬಿಡಿಸಿ ಹೇಳಿದವರು ಪಕ್ಕದ ಮನೆಯ ಕಾಡಸಿದ್ದ ಮಾಸ್ತರರು. ಸಾಲೆಯಿಂದ ನಿವೃತ್ತರಾದ ಮೇಲೆ ಅವರ ಇಂಗ್ಲಿಷು ಕೇಳುವವರಿಲ್ಲದೆ ಒಳಗೇ ಕುದಿಯುತ್ತಿತ್ತು.

"ಲೇ ಪಾರೀಸಾ, ಇಲ್ನೋಡು. ಇಷ್ಟ ದೂರ ಹಡಗದಾಗ ಬಂದು ಬರೇ ಯಾಪಾರ ಮಾಡಿ ಹ್ವಾದ್ರ ಹುಚ್ಚತನ ಅಂತ. ಕ್ವಾಟಿ ನೋಡ್ತಾನಂತ, ಕೆರಿ ನೋಡ್ತಾನಂತ. ಮದ್ಯಾನ ನಮ್ಮ ಹೊಳ್ಯಾಗ ಎರಡ ತಾಸ ಗಾಳ ಹಾಕ್ತಾನಂತ."

"ಗಾಳ ಅಂದ್ರ?"

"ಮೀನ ಹಿಡ್ಯಾಕೋ, ಶಾಣ್ಯಾ!"

ಒಳಗೆ ಭಾಂಡಿಯೊಂದು ಢಣಾರನೆ ಬಿತ್ತು. ಬಾಗಿಲಲ್ಲಿ ಜಿನಮತಿ ಕಾಕು ನಿಂತಿದ್ದಳು. ತಾಯಿಯಿಲ್ಲದ ಪಾರೀಸನನ್ನು ಸಾಕಿದ ಚಿಕ್ಕಮ್ಮ ಇವಳೇ. ಎತ್ತರ ನಾಲ್ಕೂವರೆ ಅಡಿ, ದನಿ ಮಾತ್ರ ಎರಡಾಳು. ಜೈನರ ಪದ್ಧತಿಯಂತೆ ನೀರನ್ನು ಮೂರು ಸಲ ಸೋಸಿ ಕುಡಿಯುವವಳು. ಇರುವೆ ಅಡ್ಡ ಬಂದರೆ ತಾನೇ ಸುತ್ತು ಹಾಕಿ ಹೋಗುವವಳು.

"ನಮ್ಮ ಮನಿಗೆ ಬಂದ ಪಾವಣ್ಯಾ ಒಂದ ಮೀನ ಹಿಡದ್ರೂ ನಾ ಅನ್ನಾ ಬಿಡ್ತೇನಿ, ಪಾರೀಸಾ. ಹೇಳೇನಿ ನೋಡು!"

"ಕಾಕು, ಬ್ಯಾಡ ಅಂದ್ರ ಸಾಹೇಬ ಸಿಟ್ಟಾಗ್ತಾನ. ನೌಕರಿನೂ ಬಿಟ್ಟೇನಿ. ಬೋರ್ಡೂ ಬರಸೇನಿ."

ಕಾಕು ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. "ಬ್ಯಾಡ ಅಂತ ಯಾಕ ಹೇಳ್ತಿ? ಕುಂದ್ರಸು ಹೊಳಿ ದಂಡಿಗೆ. ಹೊಟ್ಟಿ ತುಂಬಿದ್ದ ಮೀನು ಗಾಳಕ್ಕ ಯಾಕ ಬಾಯಿ ಹಾಕ್ತೈತಿ?"

ಮರುದಿನ ನಸುಕಿನಲ್ಲಿ ಅವಳು ಓಣಿಯ ನಡುವೆ ನಿಂತು ಹಿತ್ತಾಳೆಯ ತಾಟನ್ನು ಮೂರು ಸಲ ಬಡಿದಳು. ನಲವತ್ತು ಮನೆಯ ಬಾಗಿಲು ಒಂದೇ ಸಲ ತೆರೆದವು. ಯಾಕೆ ಏನು ಎಂದು ಒಬ್ಬನೂ ಕೇಳಲಿಲ್ಲ. ಚುರಮುರಿ, ಬೆಲ್ಲ, ರೊಟ್ಟಿ, ಹಬ್ಬದ ಕರದಂಟು, ರಾತ್ರಿ ಉಳಿದ ಹೋಳಿಗೆ ಎಲ್ಲವೂ ಬುಟ್ಟಿಬುಟ್ಟಿಯಾಗಿ ಹೊಳೆಗೆ ಹೊರಟವು. ದಂಡೆಯಲ್ಲಿ ಕಾಕು ಎಲ್ಲರನ್ನೂ ತಡೆದು ನಿಲ್ಲಿಸಿದಳು.

"ತಡೀರಿ! ಹೊತ್ತ ಹುಟ್ಟಿಲ್ಲ. ಹೊತ್ತ ಹುಟ್ಟೂ ಮೊದ್ಲ ನಾವೂ ಉಣ್ಣಂಗಿಲ್ಲ, ಮೀನಿಗೂ ಉಣ್ಣಸಂಗಿಲ್ಲ."

ನಲವತ್ತು ಮನೆ ಮಂದಿ ಬುಟ್ಟಿ ಹೊತ್ತು ಪಿಟ್ಟೆನ್ನದೆ ಸೂರ್ಯನ ದಾರಿ ಕಾದರು. ಸೂರ್ಯನೂ ಹೆದರಿ ಎರಡು ನಿಮಿಷ ಮುಂಚೆಯೇ ಹುಟ್ಟಿದ. ಆಮೇಲೆ ನಡೆದ ಊಟವನ್ನು ನರಸೋಬವಾಡಿಯ ಮೀನುಗಳು ಕೂಡ ಈಜಿ ಬಂದು ಉಂಡವು. ಕೆಲವು ತೇಗಿದ್ದನ್ನು ಕೇಳಿದವರಿದ್ದಾರೆ.

ಅತ್ತ ಪಾರೀಸ ಹಾತಕಣಂಗಲೆ ಸ್ಟೇಶನ್ನಿಗೆ ಹೊರಟಿದ್ದ. ಬಾಡಿಗೆಗೆ ಸಿಕ್ಕದ್ದು ಬಾಳಗೊಂಡನ ಮೋಟಾರು. ಗಡಹಿಂಗ್ಲಜ ಸಂತೆಗೆ ಮೆಣಸಿನಕಾಯಿ ಚೀಲ ಹೇರುವುದೇ ಅದರ ನಿತ್ಯದ ಕೆಲಸ. ದುಭಾಷಿ ಬೇಕೆಂದು ಕಾಡಸಿದ್ದ ಮಾಸ್ತರರನ್ನು ಮಾತ್ರ ಕರೆದಿದ್ದ. ಮೋಟಾರಿನ ಬಳಿ ನೋಡಿದರೆ ಮಾಸ್ತರರ ಹೆಂಡತಿ ಕಲ್ಲವ್ವ, ಅವಳ ತಂಗಿ, ತಂಗಿಯ ಗಂಡ, ಮತ್ತಿಬ್ಬರು ನೆರೆಯವರು ಆಗಲೇ ಕೂತು ಬುತ್ತಿ ಬಿಚ್ಚಿದ್ದರು.

"ಇಳೀರಿ! ಸಾಹೇಬ ಬರ್ತಾನ, ಜಾಗಾ ಸಾಲೂದಿಲ್ಲ," ಅಂದ ಪಾರೀಸ.

"ನಾವೇನ ದಪ್ಪ ಅದೇವೇನೋ?" ಅಂದಳು ಕಲ್ಲವ್ವ. ಅವಳು ಕೂತ ಕಡೆ ಮೋಟಾರು ನೆಲ ಮುಟ್ಟಿತ್ತು. "ನಾ ಪನ್ಹಾಳಾ ಕ್ವಾಟಿ ನೋಡಿಲ್ಲ. ನಿಂದು ಯಾಪಾರನೂ ಆಗ್ಲಿ, ನಂದು ಕ್ವಾಟಿ ದರ್ಶನನೂ ಆಗ್ಲಿ."

ಒಬ್ಬರೂ ಇಳಿಯಲಿಲ್ಲ. ಹಾತಕಣಂಗಲೆಯಲ್ಲಿ ಸಾಹೇಬ ರೈಲು ಇಳಿದ. ಕೈಯಲ್ಲಿ ಉದ್ದನೆಯ ಗಾಳದ ಕೋಲು, ಕಿಸೆಯಲ್ಲಿ ಕೆಂಪು ಪುಸ್ತಕ.

"ನಿಮ್ಮ ಓಣಿ ಮಂದಿ ನಿಮ್ಮ ಮಾತ ಕೇಳ್ತಾರೇನು ಅಂತ ಕೇಳಾಕತ್ತಾನ," ಎಂದು ಮಾಸ್ತರರು ಅನುವಾದಿಸಿದರು.

"ನಾ ಕುಂದ್ರು ಅಂದ್ರ ಕುಂದ್ರತಾರ, ಏಳು ಅಂದ್ರ ಏಳ್ತಾರ ಅಂತ ಹೇಳ್ರಿ!" ಅಂದ ಪಾರೀಸ. ಸಾಹೇಬನಿಗೆ ಜಾಗ ಮಾಡಲು, "ಏಳ್ರಿ," ಅಂದ. ಒಬ್ಬರೂ ಏಳಲಿಲ್ಲ. ಕಡೆಗೆ ಪಾರೀಸನೇ ಹೊರಗಿನ ಮೆಟ್ಟಿಲ ಮೇಲೆ ಜೋತು ನಿಂತ. ಸಾಹೇಬ ಕೆಂಪು ಪುಸ್ತಕ ತೆಗೆದು ಏನೋ ಗೀಚಿಕೊಂಡ.

ಮೋಟಾರು ಹೊರಟ ಕೂಡಲೇ ತಳದಲ್ಲಿದ್ದ ಮೆಣಸಿನಕಾಯಿ ಪುಡಿ ಎದ್ದಿತು. ಸಾಹೇಬ ಸೀನಿದ ರಭಸಕ್ಕೆ ಎಂಜಿನ್ನಿನ ಸಹಾಯವಿಲ್ಲದೆಯೇ ಮೋಟಾರು ಅರ್ಧ ಮೈಲು ಓಡಿತು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದವರು ಬಾಳಗೊಂಡನನ್ನು ಕೇಳಬಹುದು. ಅವನು ಒಂದು ಮೈಲು ಎನ್ನುತ್ತಾನೆ.

ಪಾರೀಸನ ಮನಸ್ಸಿನಲ್ಲಿ ಇನ್ನೊಂದು ಹಂಚಿಕೆ ಇತ್ತು. ನೋಡುವುದರಲ್ಲೇ ಸಾಹೇಬನ ಹೊತ್ತು ಕಳೆದರೆ ಗಾಳ ಹಾಕಲು ವೇಳೆಯೇ ಉಳಿಯದು. ಆದ್ದರಿಂದ ಕೊಲ್ಲಾಪುರದಲ್ಲಿ ರಂಕಾಳ ಕೆರೆಯನ್ನು ಎರಡು ಸುತ್ತು ಹಾಕಿಸಿದ. ಪನ್ಹಾಳಾ ಕೋಟೆಯಲ್ಲಿ ತೀನ ದರವಾಜಾ ಎಂಬ ಮೂರು ಬಾಗಿಲಿನ ದ್ವಾರ ತೋರಿಸಿದ. ಸಾಹೇಬ ತಲೆದೂಗಿದ್ದೇ ತಡ, ಅದನ್ನೇ ಹಿಂದಿನಿಂದಲೂ ತೋರಿಸಿದ. ಕಲ್ಲು ಕಂಡಲ್ಲೆಲ್ಲ ಇತಿಹಾಸ ಹುಟ್ಟಿಸಿದ. ಒಂದು ದನದ ಗೋದಲಿಗೆ ಆರುನೂರು ವರ್ಷ ವಯಸ್ಸು ಕೊಟ್ಟ.

ಆದರೆ ಸಾಹೇಬ ಬೆಟ್ಟವನ್ನು ಮೇಕೆಯಂತೆ ಹತ್ತಿ ಇಳಿದ. ದಣಿದದ್ದು ಪಾರೀಸ. ಇತ್ತ ಕಲ್ಲವ್ವ ಕೋಟೆಯ ಬುರುಜಿನ ನೆರಳಲ್ಲಿ ಬುತ್ತಿ ಬಿಚ್ಚಿ ಪಂಕ್ತಿ ಕೂಡಿಸಿದ್ದಳು.

"ಏಳ್ರಿ ಎಲ್ಲಾರೂ, ಇನ್ನೂ ಸಜ್ಜಾಕೋಠಿ ಮಹಲ ತೋರ್ಸೂದೈತಿ," ಎಂದು ಪಾರೀಸ ಅಂಗಲಾಚಿದ.

"ಮೊಸರನ್ನ ಉಂಡ ಏಳ್ತೇವಿ, ಹೋಗೋ ನೀ."

ಸಾಹೇಬ ಮತ್ತೆ ಪುಸ್ತಕದಲ್ಲಿ ಗೀಚಿದ. ಪಾರೀಸನ ಎದೆಯಲ್ಲಿ ಹತ್ತು ಮಗ್ಗ ಒಟ್ಟಿಗೆ ಬಡಿದುಕೊಂಡವು.

ಮೂರು ಗಂಟೆಗೆ ಸಾಹೇಬ ಗಡಿಯಾರ ನೋಡಿ ಒಂದೇ ಶಬ್ದ ಹೇಳಿದ. ಅನುವಾದ ಬೇಕಾಗಲಿಲ್ಲ. ಮೋಟಾರು ಹೊಳೆಗೆ ತಿರುಗಿತು.

ದಂಡೆಯಲ್ಲಿ ಆಗಲೇ ಓಣಿಯ ಮಂದಿಯೆಲ್ಲ ಕುಸ್ತಿ ನೋಡಲು ಬಂದವರಂತೆ ನೆರೆದಿದ್ದರು. ಮೇಲಿನ ಮೆಟ್ಟಿಲ ಮೇಲೆ ಕಾಕು ಕೈಕಟ್ಟಿ ಕೂತಿದ್ದಳು. ಸಾಹೇಬ ಹಕ್ಕಿಯ ಪುಕ್ಕದಿಂದ ಮಾಡಿದ ಸುಳ್ಳು ಹುಳುವನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆಸೆದ.

ಸಾಹೇಬನ ನೆರಳು ನೀರಿಗೆ ಬಿದ್ದದ್ದೇ ತಡ, ಮೀನುಗಳು ಬಂದವು. ಹತ್ತಲ್ಲ, ನೂರಲ್ಲ, ಕಾಲಿಟ್ಟರೆ ಆಚೆ ದಂಡೆಗೆ ನಡೆದು ಹೋಗಬಹುದಿತ್ತು! ಪಾರೀಸ ಕಣ್ಣು ಮುಚ್ಚಿದ. ಹಿಂದಿನಿಂದ ಕಾಕು ಕೆಮ್ಮಿದಳು. ಕಣ್ಣು ತೆರೆದಾಗ ಗಾಳ ಹಾಗೆಯೇ ತೇಲುತ್ತಿತ್ತು. ಮೀನುಗಳು ಅದನ್ನು ಮೂಸಿಯೂ ನೋಡಲಿಲ್ಲ. ತಲೆ ಎತ್ತಿ, ಬಾಯಿ ತೆರೆದು, ಸಾಹೇಬನ ಮುಖವನ್ನೇ ನೋಡುತ್ತಿದ್ದವು.

ಒಂದು ತಾಸು ಹೀಗೇ ಕಳೆಯಿತು. ಸಾಹೇಬ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ಹನ್ನೊಂದ ದೇಶದಾಗ ಗಾಳ ಹಾಕ್ಯಾನಂತ," ಅಂದರು ಮಾಸ್ತರರು. "ಮೀನ ತನ್ನ ಮಾರಿ ನೋಡಿದ್ದು ಇದ ಮೊದಲಂತ. ಯಾಕ ಅಂತ ಕೇಳ್ತಾನ."

"ನಮ್ಮ ಮೀನಿಗೆ ವಿಲಾಯತಿ ಮಂದಿ ಕಂಡ್ರ ಭಾಳ ಪ್ರೀತಿ ಅಂತ ಹೇಳ್ರಿ," ಅಂದ ಪಾರೀಸ ಬೆವರೊರೆಸಿಕೊಳ್ಳುತ್ತ.

ಅಷ್ಟರಲ್ಲಿ ಕಲ್ಲವ್ವನ ತಾಳ್ಮೆ ಮುಗಿಯಿತು. "ಮುಂಜಾನಿ ತುಪ್ಪದ ಹೋಳಿಗಿ ಉಂಡ ಬಾಯಿಗೆ ಈ ಸಾಹೇಬ ಕೋಳಿಪುಕ್ಕಾ ತೋರ್ಸಾಕತ್ತಾನಲ್ಲವಾ! ಅದಕ್ಕ ಅವು ಮಾರಿ ನೋಡ್ತಾವ, ಹೋಳಿಗಿ ಎಲ್ಲಿ ಅಂತ!"

"ಇದನ್ನ ಹೇಳಬ್ಯಾಡ್ರಿ ಮಾಸ್ತರ!" ಎಂದು ಪಾರೀಸ ಚೀರಿದ. ಆದರೆ ಇಂಥ ರಸವತ್ತಾದ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವ ಅವಕಾಶ ಮಾಸ್ತರರಿಗೆ ಮೂವತ್ತು ವರ್ಷದ ನೌಕರಿಯಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಅವರು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡು ಎಲ್ಲವನ್ನೂ ಹೇಳಿದರು. ತಾಟು ಬಡಿದದ್ದು, ನಲವತ್ತು ಮನೆ ಎದ್ದದ್ದು, ಹೊತ್ತು ಹುಟ್ಟುವ ತನಕ ಕಾದದ್ದು ಯಾವುದನ್ನೂ ಬಿಡಲಿಲ್ಲ.

ಸಾಹೇಬನ ಮುಖ ಮೊದಲು ಬದನೆಕಾಯಿಯಾಯಿತು. ಆಮೇಲೆ ಅವನು ನಗತೊಡಗಿದ. ಆಚೆ ದಂಡೆಯ ಎಮ್ಮೆಗಳು ಹಗ್ಗ ಹರಿದುಕೊಂಡು ಓಡುವಷ್ಟು ನಕ್ಕ. ಗಾಳ ಸುತ್ತಿಟ್ಟು, ಕಿಸೆಯಿಂದ ಏಜನ್ಸಿಯ ಕಾಗದ ತೆಗೆದು, ಪೆನ್ನು ಬಿಚ್ಚಿ ಬರೆಯತೊಡಗಿದ.

ಪಾರೀಸನ ಜೀವ ಮರಳಿ ಬಂತು. ಕೋಟು ಸರಿಪಡಿಸಿಕೊಂಡು, "ಬೋರ್ಡ ತರಸ್ರಿ ಮನಿಯಿಂದ!" ಅಂದ. ಎಂದಿನಂತೆ ಒಬ್ಬರೂ ಕದಲಲಿಲ್ಲ.

ಸಾಹೇಬ ಎದ್ದ. ಪಾರೀಸ ಎರಡೂ ಕೈ ಚಾಚಿದ. ಸಾಹೇಬ ಅವನನ್ನು ದಾಟಿ ಮೆಟ್ಟಿಲು ಹತ್ತಿ, ಕಾಕುವಿನ ಮುಂದೆ ಸೊಂಟ ಬಗ್ಗಿಸಿ ಕಾಗದ ಹಿಡಿದ.

ಮಾಸ್ತರರ ದನಿ ಸಣ್ಣಗಾಯಿತು. "ಕಾಕು... ನಿಮ್ಮನ್ನ ಏಜಂಟ ಮಾಡ್ಯಾನ. ತಾಟ ಬಡದ್ರ ಊರ ಏಳ್ತೈತಿ, ಕೆಮ್ಮಿದ್ರ ಮೀನ ಗಾಳ ಮುಟ್ಟೂದಿಲ್ಲ, ಇಂಥಾವರನ್ನ ಹನ್ನೊಂದ ದೇಶದಾಗ ಹುಡುಕಾಕತ್ತಿದ್ದೆ ಅಂತಾನ."

"ಏಜಂಟ ಅಂದ್ರ ಏನ ಮಾಡಬೇಕೋ?"

"ಮಂದೀಗೆ ಹೇಳಬೇಕ್ರಿ, ಇದನ್ನ ತಗೊಳ್ರಿ, ಹಿಂಗ ಮಾಡ್ರಿ ಅಂತ."

"ಅಷ್ಟ ಏನು? ಮೂವತ್ತ ವರ್ಷದಿಂದ ಪುಗಸಟ್ಟೆ ಅದ್ನ ಮಾಡಾಕತ್ತೇನಲ್ಲ!" ಎಂದು ಕಾಕು ಪೆನ್ನು ಇಸಿದುಕೊಂಡು ಸಹಿ ಹಾಕಿದಳು. ಆಮೇಲೆ ಆಕಾಶ ನೋಡಿ, "ಚಲಾ, ಚಲಾ! ಹೊತ್ತ ಮುಳಗೂದ್ರಾಗ ಸಾಹೇಬಗ ಉಣ್ಣಾಕ ಹಾಕ್ರಿ," ಅಂದಳು. ನಲವತ್ತು ಮನೆಯವರೂ ಎದ್ದರು. ಸಾಹೇಬನೂ ಓಡಿದ.

ಬೋರ್ಡು ವ್ಯರ್ಥವಾಗಲಿಲ್ಲ, ಹೆಸರೊಂದನ್ನು ಒರೆಸಿ 'ಜಿನಮತಿಬಾಯಿ' ಎಂದು ಬರೆಸಿದರು. ವರ್ಷ ತುಂಬುವುದರೊಳಗೆ ಓಣಿಯಲ್ಲಿ ಮಗ್ಗ ಇಲ್ಲದ ಮನೆ ಉಳಿಯಲಿಲ್ಲ. ಪಾರೀಸನಿಗೂ ನೌಕರಿ ಸಿಕ್ಕಿತು. ಹಗಲೆಲ್ಲ ಕಾಕುವಿನ ಕಾರಕೂನ. ಅದಕ್ಕೆ ಮೊದಲು, ದಿನಾ ಹೊತ್ತು ಹುಟ್ಟುವ ವೇಳೆಗೆ, ಚುರಮುರಿಯ ಬುಟ್ಟಿ ಹೊತ್ತು ಹೊಳೆಗೆ ಹೋಗಬೇಕು. ಹೋಳಿಗೆಯ ರುಚಿ ಹತ್ತಿದ ಮೀನುಗಳು ದಂಡೆಯಲ್ಲಿ ಬಾಯಿ ತೆರೆದು ಕಾಯುತ್ತಿರುತ್ತವೆ. ಸಾಹೇಬ ಪ್ರತಿ ಚಳಿಗಾಲ ವ್ಯಾಪಾರದ ನೆಪದಲ್ಲಿ ಬರುತ್ತಾನೆ. ಗಾಳ ವಿಲಾಯತಿಯಲ್ಲೇ ಬಿಟ್ಟು, ಇದನ್ನು ನೋಡಲು.

"ಹಿಂದ ಸರೀರಿ! ಸಾಲಾಗಿ ಬರ್ರಿ!" ಎಂದು ಪಾರೀಸ ಗಂಟಲು ಹರಿಯುವಂತೆ ಕೂಗುತ್ತಾನೆ. ಮೀನುಗಳು ಅವನ ಮೇಲೆಯೇ ನೀರು ಸಿಡಿಸಿ, ಬುಟ್ಟಿಗೇ ಹಾರುತ್ತವೆ.

ಆಗ ಮೇಲಿನ ಮೆಟ್ಟಿಲಿಂದ ಕಾಕು ಒಮ್ಮೆ ಕೆಮ್ಮುತ್ತಾಳೆ. ಪಂಚಗಂಗೆಯ ಮೀನೆಲ್ಲ ಸಾಲಾಗಿ ನಿಲ್ಲುತ್ತವೆ.