ಕಡೆಯ ಸೇರು ಚಟ್ನಿಪುಡಿ

ನನ್ನ ಹೆಂಡತಿ ಜಗದಾಂಬಾಗೆ ವ್ಯಾಪಾರ ತಿಳಿಯದು ಎಂದು ಹದಿನೆಂಟು ವರ್ಷ ನಂಬಿಕೊಂಡಿದ್ದೆ. ವಾರಕ್ಕೆ ಹತ್ತು ಸೇರು ಚಟ್ನಿಪುಡಿ ಕುಟ್ಟಿ, ಸೇರಿಗೆ ಆರಾಣೆಯಂತೆ ಮಾರುತ್ತಿದ್ದಳು. ಹನ್ನೊಂದನೆಯವರು ಬಂದರೆ "ಮುಂದಿನ ವಾರ ಬನ್ನಿ" ಎಂದು ಕಳಿಸಿಬಿಡುವುದು! ಬಂದ ಲಕ್ಷ್ಮಿಗೆ ಬಾಗಿಲು ತೋರಿಸುವುದೆಂದರೆ! ಶಿವಮೊಗ್ಗೆಯ ಹೈಸ್ಕೂಲಿನಲ್ಲಿ ದಿನಕ್ಕೆರಡು ಸಾಮ್ರಾಜ್ಯ ಕಟ್ಟಿ ಉರುಳಿಸುವ ಚರಿತ್ರೆಯ ಮೇಷ್ಟರು ನಾನು, ಸುಮ್ಮನಿರಲಾದೀತೆ? ಅರ್ಥಶಾಸ್ತ್ರದ ಪುಸ್ತಕವೊಂದನ್ನು ಕಡ ತಂದೆ. ಆದಾಯದ ಅಧ್ಯಾಯ ಓದಿದೆ. ಮುಂದಿನದು ಖರ್ಚಿನ ಅಧ್ಯಾಯ. ಸಂಸಾರಸ್ಥನಿಗೆ ಖರ್ಚಿನ ಬಗ್ಗೆ ಹೊಸದಾಗಿ ಓದುವುದೇನಿದೆ ಎಂದು ಮುಚ್ಚಿಟ್ಟೆ.

"ನೋಡು, ಹಳಬರಿಗೆ ಆರಾಣೆಯೇ ಇರಲಿ. ಭದ್ರಾವತಿಗೆ ಇನ್ನೂ ಇಪ್ಪತ್ತು ಸೇರು, ಐದಾಣೆ ಹಾಗೆ. ಸಾಮಾನಿಗೆ ಸೇರಿಗೆ ನಾಲ್ಕಾಣೆ. ಇಪ್ಪತ್ತಾಣೆ ಲಾಭ ನಲವತ್ತಾಯ್ತು!"

"ಕುಟ್ಟೋರು ಯಾರು?"

"ಅದೆಲ್ಲ ಸಣ್ಣ ವಿಷಯ, ಮಾರಾಯ್ತಿ!"

ಭಾನುವಾರ ರೈಲು ಹತ್ತಿದೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗೆ ಊಟ ಹಾಕುವ ಉಜ್ಜನಪ್ಪ ಪುಡಿ ನಾಲಿಗೆಗಿಟ್ಟ. ಕಣ್ಣಲ್ಲಿ ನೀರು ತುಂಬಿತು, ಒಪ್ಪಿದ.

"ಶನಿವಾರ ಸಂಬಳದ ದಿನ, ಮೇಷ್ಟ್ರೇ. ಇಪ್ಪತ್ತು ಸೇರು ತನ್ನಿ. ಹತ್ತೊಂಬತ್ತು ತಂದ್ರೆ ಒಂದೂ ಬೇಡ."

ಸಾಮಾನಿಗೆ ಜಗದಾಂಬಾಳ ಡಬ್ಬಿ ತೆರೆಯಬೇಕಾಯಿತು. ಹೊಲಿಗೆ ಯಂತ್ರದ ಮೊದಲ ಕಂತಿಗೆಂದು ಅವಳು ಕೂಡಿಟ್ಟಿದ್ದ ದುಡ್ಡು.

"ಇದು ಕಮ್ಮಿಯಾದ್ರೆ?"

"ಹೆಚ್ಚಾಗಿ ಬರುತ್ತೆ!" ಅಂದೆ. ಆ ಗಳಿಗೆಯಿಂದ ನನ್ನ ಎದೆಯೊಳಗೇ ಒನಕೆ ಶುರುವಾಯಿತು.

ಸೋಮವಾರ ಪಕ್ಕದ ಮನೆ ಉಚ್ಚಂಗಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. "ಏನ್ ಮೇಷ್ಟ್ರೇ, ಭದ್ರಾವತಿಗೆ ಐದಾಣೆ, ಪಕ್ಕದ ಮನೆಗೆ ಆರಾಣೆಯಾ? ನಾವೇನು ಕಬ್ಬಿಣ ಕಾಯಿಸಲ್ಲ ಅಂತ್ಲಾ?" ಸಂಜೆಯೊಳಗೆ ಹತ್ತೂ ಹಳೆ ಗಿರಾಕಿಗಳಿಗೆ ಐದಾಣೆಯಾಯಿತು. ಹೆಚ್ಚಿನ ಪುಡಿ ಒಂದು ಚಿಟಿಕೆ ಕುಟ್ಟುವ ಮೊದಲೇ ಹತ್ತಾಣೆ ಗೋತಾ!

ಮೊದಲ ಹತ್ತು ಸೇರು ಜಗದಾಂಬಾ ಕುಟ್ಟಿದಳು. ಉಜ್ಜನಪ್ಪನ ಇಪ್ಪತ್ತಕ್ಕೆ ಯಲ್ಲಮ್ಮನನ್ನು ಕರೆಸಿದೆವು. ಸೇರಿಗೆ ಒಂದಾಣೆ ಕೂಲಿ. ಆ ಇಪ್ಪತ್ತರ ಲಾಭ ಅಲ್ಲಿಗೇ ಸೊನ್ನೆ! ಗುರುವಾರ ಅವಳ ಅಂಗೈ ಉರಿಯತೊಡಗಿತು. "ಇನ್ಮೇಲೆ ಎರಡಾಣೆ ಸ್ವಾಮಿ. ಇಲ್ಲಾಂದ್ರೆ ನೀವೇ ಕುಟ್ಕೊಳ್ಳಿ." ಕೊಟ್ಟೆ. ಮೆಣಸಿನಕಾಯಿ ಮುಗಿಯಿತು. ಗಾಂಧಿ ಬಜಾರಿಗೆ ಓಡಿದರೆ ಅಂಗಡಿಯವನು ನನ್ನ ಬೆವರು ನೋಡಿಯೇ ಬೆಲೆ ಏರಿಸಿದ. ತೆತ್ತೆ. ನಮ್ಮ ಬೀದಿಗೆ ಬೀದಿಯೇ ಸೀನುತ್ತಿತ್ತು. ಎಮ್ಮೆ ಕೂಡ ನಮ್ಮ ಬಾಗಿಲು ಬಳಸಿಕೊಂಡು ಹೋಗುತ್ತಿತ್ತು.

ಶುಕ್ರವಾರ ಸಂಜೆಗೆ ಹತ್ತೊಂಬತ್ತಾಯಿತು. ಯಲ್ಲಮ್ಮ ಕೈಮುಗಿದು ಹೊರಟೇಹೋದಳು.

"ಇನ್ನೊಂದೇ ಸೇರು, ಜಗದಾಂಬಾ!"

"ನನ್ನ ಕೈಲಾಗಲ್ಲ."

ಸಾಕ್ಷಾತ್ ನಾನೇ ಒನಕೆ ಹಿಡಿದೆ. ನಾಲ್ಕು ಏಟು ಮೆಣಸಿನಕಾಯಿಗೆ ಬಿತ್ತು, ಐದನೆಯದು ನನ್ನ ಕಾಲಿನ ಹೆಬ್ಬೆರಳಿಗೆ! ಅಳುತ್ತ ಕುಟ್ಟಿ ಮುಗಿಸಿದೆ. ಖಾರಕ್ಕೋ ನೋವಿಗೋ ಯಾರಿಗೂ ತಿಳಿಯಲಿಲ್ಲ. ಕಡೆಯ ಸೇರಿಗೆ ಸಾಮಾನು ನಾಲ್ಕಾಣೆ, ಡಾಕ್ಟರ ಪಟ್ಟಿಗೆ ಎಂಟಾಣೆ. ಬಂದದ್ದು? ಐದಾಣೆ!

ಶನಿವಾರ ಕುಂಟುತ್ತ ಪುಡಿ ಒಪ್ಪಿಸಿ ಬಂದೆ. ಡಬ್ಬಿಗೆ ದುಡ್ಡು ವಾಪಸು ಹಾಕಿದರೆ ಒಂದು ರೂಪಾಯಿ ಕಮ್ಮಿ. ಜಗದಾಂಬಾ ಎರಡು ಸಲ ಎಣಿಸಿದಳು. ಮುಚ್ಚಳ ಒತ್ತಿ ಡಬ್ಬಿ ಎತ್ತಿಟ್ಟಳು. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಮರುದಿನ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಆ ಖರ್ಚಿನ ಅಧ್ಯಾಯ ಓದಿದೆ. ನಮ್ಮ ಪುಡಿಗೆ ಇಳಿಸಿ ಹೇಳುವುದಾದರೆ ಇಷ್ಟೇ: ಇನ್ನೊಂದು ಸೇರು ಮಾರಿದರೆ ಹೆಚ್ಚಾಗಿ ಬರುವ ದುಡ್ಡು, ಅದನ್ನು ಮಾಡಲು ಹೆಚ್ಚಾಗಿ ತಗಲುವ ಖರ್ಚು, ಇವೆರಡೂ ಸಮವಾದ ಕಡೆ ನಿಲ್ಲಿಸು. ನಮಗೆ ಹತ್ತು ದಾಟಿದೊಡನೆ ಬೆಲೆ ಇಳಿಯಿತು, ಕೂಲಿ ಏರಿತು. ಅಂದರೆ ಹತ್ತು ಸೇರು, ಆರಾಣೆ! ನನಗೆ ರೋಮಾಂಚನವಾಯಿತು.

"ಜಗದಾಂಬಾ, ನಿಜ ಹೇಳು. ಸರಿಯಾಗಿ ಹತ್ತು ಸೇರಿಗೇ ನಿಲ್ಲಿಸಬೇಕು ಅಂತ ಯಾವ ಸೂತ್ರದಿಂದ ಕಂಡುಹಿಡಿದೆ?"

ಒರಳು ತೊಳೆಯುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

"ಹನ್ನೊಂದನೇದಕ್ಕೆ ರಟ್ಟೆ ನೋಯುತ್ತೆ ಕಣ್ರೀ."