ಲಿಫ್ಟ್ ಸುಸ್ಥಿತಿಯಲ್ಲಿದೆ

ನಮ್ಮ ಕಚೇರಿಯ ಲಿಫ್ಟ್ ದುರಸ್ತಿಯಾಗಿದೆ. ದುರಸ್ತಿಯಾದ ದಿನದಿಂದ ಅದು ಒಂದಂಗುಲವೂ ಅಲುಗಿಲ್ಲ. ಈ ಎರಡು ಸಂಗತಿಗಳಿಗೆ ತಾಳಮೇಳವಿಲ್ಲ ಎಂದು ಭಾವಿಸಿದವರು ನಮ್ಮಲ್ಲಿ ಒಬ್ಬರೇ, ಟೈಪಿಸ್ಟಕ್ಕ.

ನಮ್ಮದು ಊರಿನ ಕಟ್ಟಡಗಳ ಎತ್ತರ ಅಳೆದು, ಇಂತಿಷ್ಟು ಮಹಡಿ ಎಂದು ಪ್ರಮಾಣಪತ್ರ ಕೊಡುವ ಕಚೇರಿ. ಕೂರುವುದು ಮೂರನೇ ಮಹಡಿಯಲ್ಲಿ. ಲಿಫ್ಟಿನ ರಿಪೇರಿಗೆ ಬಂದ ಹಣವನ್ನು ಮೇಲ್ವಿಚಾರಕರು ಸ್ವಂತ ಮುತುವರ್ಜಿಯಿಂದ ಖರ್ಚು ಮಾಡಿದರು. ಅದೇ ತಿಂಗಳು ಅವರ ಮನೆಯ ಮೇಲೆ ಹೊಸದೊಂದು ಮಹಡಿ ಎದ್ದಿತು. ಅದಕ್ಕೆ ಪ್ರಮಾಣಪತ್ರ ಕೊಟ್ಟವರೂ ನಾವೇ ಆದ್ದರಿಂದ ಆ ವಿಷಯದಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ.

ಟೈಪಿಸ್ಟಕ್ಕನ ಬಲಮಂಡಿ ಸವೆದಿತ್ತು. ಕಂಬಿ ಹಿಡಿದು, ತಿರುವಿಗೊಮ್ಮೆ ನಿಂತು, ಅವರು ಮೇಲೆ ಬರುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು. ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿದ ಕೂಡಲೇ ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದು ಗೈರು ಹಾಕುತ್ತಿದ್ದರು. ಇನ್ನೊಂದು ತಿಂಗಳು ಹೀಗೇ ಆದರೆ ಕೆಲಸದಿಂದ ತೆಗೆಯಲಾಗುವುದು ಎಂಬ ಎಚ್ಚರಿಕೆಯೂ ಬಂದಿತ್ತು. ಮನೆಯಲ್ಲಿ ದುಡಿಯುವ ಕೈ ಅವರದೊಂದೇ.

"ಲಿಫ್ಟ್ ಓಡ್ತಿಲ್ಲ ಸಾರ್," ಎಂದರು ಟೈಪಿಸ್ಟಕ್ಕ.

"ಓಡ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಒಳಗೆ ಹೋಗಿ ನಿಂತಿದ್ದೆ. ಕಾಲು ಸೋತು ಹೋಯ್ತು, ಅದು ಮಾತ್ರ ಜಪ್ಪಯ್ಯ ಅನ್ನಲಿಲ್ಲ."

"ಅಯ್ಯೋ, ಅಷ್ಟು ನುಣ್ಣಗೆ ಓಡೋ ಹಾಗೆ ಮಾಡ್ಸಿದ್ದೀನಮ್ಮ. ಕುಲುಕಾಟವೇ ಗೊತ್ತಾಗಲ್ಲ."

ಟೈಪಿಸ್ಟಕ್ಕ ಪ್ರಧಾನ ಕಚೇರಿಗೆ ದೂರು ಬರೆದರು. ಪ್ರಧಾನ ಕಚೇರಿ ದೂರನ್ನು ಗಂಭೀರವಾಗಿ ಪರಿಗಣಿಸಿ, ವಿಷಯದ ಬಗ್ಗೆ ಸಮಗ್ರ ತಿಳಿವಳಿಕೆ ಇರುವ ಅಧಿಕಾರಿಯಿಂದಲೇ ವಿಚಾರಣೆ ನಡೆಯತಕ್ಕದ್ದೆಂದು ಆದೇಶಿಸಿತು. ಅಂಥವರು ಮೇಲ್ವಿಚಾರಕರೊಬ್ಬರೇ ಇದ್ದರು. ಅವರು ತಮ್ಮನ್ನು ತಾವೇ ಕೋಣೆಗೆ ಕರೆಸಿಕೊಂಡು, ಬಾಗಿಲು ಹಾಕಿಕೊಂಡು, ಬಹಳ ಹೊತ್ತು ವಿಚಾರಿಸಿದರು. ಹೊರಗೆ ಬರುವಾಗ ಮುಖ ಬಾಡಿತ್ತು. ತಮಗೆ ತಾವು ದಾಕ್ಷಿಣ್ಯ ತೋರಿಸಿರಲಿಲ್ಲ ಎಂದು ನೋಡಿದವರಿಗೆಲ್ಲ ಅನ್ನಿಸಿತು.

ಸಂಜೆ ಸೂಚನಾಫಲಕದಲ್ಲಿ ಪ್ರಕಟಣೆ ಬಂತು.

"ಸುಸ್ಥಿತಿಯಲ್ಲಿರುವ ಲಿಫ್ಟನ್ನು ಬಿಟ್ಟು ಕೆಲವು ಸಿಬ್ಬಂದಿ ಮೆಟ್ಟಿಲು ಹತ್ತುತ್ತಿರುವುದು ವಿಚಾರಣೆಯಿಂದ ಸಾಬೀತಾಗಿದೆ. ಇದು ಲಿಫ್ಟಿನ ಘನತೆಗೆ ಕುಂದು. ನಾಳೆಯಿಂದ ಸಿಬ್ಬಂದಿಗೆ ಮೆಟ್ಟಿಲು ನಿಷೇಧಿಸಲಾಗಿದೆ. ಲಿಫ್ಟ್ ನಡೆಸಲು ಅನುಭವಿ ನೌಕರರೊಬ್ಬರನ್ನು ನೇಮಿಸಲಾಗಿದೆ."

ಅನುಭವಿ ನೌಕರರು ಮೇಲ್ವಿಚಾರಕರ ಭಾವಮೈದುನ.

ಮರುದಿನ ನಾವೆಲ್ಲ ಲಿಫ್ಟಿನೊಳಗೆ ಸೇರಿಕೊಂಡೆವು. ಭಾವಮೈದುನ ಬಾಗಿಲೆಳೆದು, ಮೂರನೇ ಗುಂಡಿ ಒತ್ತಿ, ಕಣ್ಣು ಮುಚ್ಚಿ ಒಂದು ಹಾಡು ಗುನುಗಿದರು. ಹಾಡು ಮುಗಿಯಿತು. ಬಾಗಿಲು ತೆಗೆದರು.

"ಮೂರನೇ ಮಹಡಿ. ಇಳೀರಿ."

ಎದುರಿಗೆ ರಸ್ತೆ, ಗೇಟು, ಕಾವಲುಗಾರನ ಸ್ಟೂಲು.

"ಇದು ನೆಲಮಹಡಿ ಕಣಪ್ಪಾ!" ಎಂದರು ಟೈಪಿಸ್ಟಕ್ಕ.

"ನಾನು ಮೂರು ಒತ್ತಿದ್ದೀನಿ ಅಕ್ಕ. ನನ್ನ ಕೆಲಸ ನಾನು ಮಾಡಿದ್ದೀನಿ. ಮಹಡಿ ತನ್ನ ಕೆಲಸ ಮಾಡಲಿಲ್ಲ ಅಂದ್ರೆ ನನ್ನ ಯಾಕೆ ಬೈತೀರಿ?"

ಮೇಲ್ವಿಚಾರಕರು ಬಂದು ನ್ಯಾಯ ತೀರಿಸಿದರು. "ಈ ಊರಲ್ಲಿ ಯಾವ ಮಹಡಿ ಎಲ್ಲಿದೆ ಅಂತ ಹೇಳೋ ಅಧಿಕಾರ ಯಾರಿಗಿದೆ? ನಮಗೆ. ನಾವೇ ಅನುಮಾನ ಪಟ್ರೆ ಜನ ಏನಂದ್ಕೋತಾರೆ?"

ಆ ಭಾನುವಾರ ಮೇಜು ಕುರ್ಚಿಗಳನ್ನು ಕೆಳಗಿನಿಂದ, ಅಂದರೆ ಮೇಲಿನಿಂದ, ಮೂರನೇ ಮಹಡಿಗೆ ಸಾಗಿಸಲಾಯಿತು. ಖಾಲಿಯಾದ ಜಾಗದಲ್ಲಿ ಮೇಲ್ವಿಚಾರಕರ ಷಡ್ಡಕರು ಹೊಲಿಗೆ ತರಬೇತಿ ಶಾಲೆ ತೆರೆದರು. ದಿನವಿಡೀ ತಲೆಯ ಮೇಲೆ ಯಂತ್ರಗಳು ಗಡಗಡ ಎನ್ನುತ್ತಿದ್ದವು. ಕಟ್ಟಡಕ್ಕೆ ಮೂರೇ ಮಹಡಿ ಇರುವುದರಿಂದ ಆ ಸದ್ದನ್ನು ಪಾರಿವಾಳಗಳದ್ದೆಂದು ದಾಖಲಿಸಿಕೊಂಡೆವು.

ಟೈಪಿಸ್ಟಕ್ಕ ಜಗ್ಗಲಿಲ್ಲ. ಎರಡನೇ ದೂರು ಹೋಯಿತು. ಈ ಸಲ ತನಿಖಾಧಿಕಾರಿಯೇ ಬಂದರು. ಲಿಫ್ಟ್ ಹತ್ತಿದರು, ಹಾಡು ಕೇಳಿದರು, ಇಳಿದರು.

"ಭೇಷ್. ಹೊಟ್ಟೆಯಲ್ಲಿ ಒಂಚೂರೂ ತೊಳಸಲಿಲ್ಲ," ಎಂದರು.

"ಸಾರ್, ದಯವಿಟ್ಟು ಕಿಟಕಿಯಾಚೆ ನೋಡಿ," ಎಂದರು ಟೈಪಿಸ್ಟಕ್ಕ. "ಸ್ಕೂಟರುಗಳು ನಿಂತಿವೆ."

ಅಧಿಕಾರಿ ಬಗ್ಗಿ ನೋಡಿದರು. ಅವರ ಮುಖ ಕೆಂಪೇರಿತು. "ಮೂರನೇ ಮಹಡೀಲಿ ಸ್ಕೂಟರ್ ನಿಲ್ಸೋದಾ? ಏನ್ರೀ ಇದು, ಕಟ್ಟಡ ಕುಸಿದ್ರೆ ಯಾರ್ರೀ ಹೊಣೆ? ಈಗಲೇ ಕೆಳಗಿಳ್ಸಿ!"

ಮೇಲ್ವಿಚಾರಕರು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡರು. ಸ್ಕೂಟರುಗಳನ್ನು ಒಂದೊಂದಾಗಿ ಲಿಫ್ಟಿನಲ್ಲಿ ಕೆಳಗಿಳಿಸಿ, ಅವು ಮೊದಲಿದ್ದ ಜಾಗದಲ್ಲೇ ಸುರಕ್ಷಿತವಾಗಿ ನಿಲ್ಲಿಸಲಾಯಿತು. ಆಗ ಅಧಿಕಾರಿ ಟೈಪಿಸ್ಟಕ್ಕನ ಕಡೆ ತಿರುಗಿದರು.

"ನಿಮ್ಮ ಮೂಲ ದೂರು ಏನಮ್ಮ?"

"ಮೂರನೇ ಮಹಡಿಗೆ ಹತ್ತೋಕೆ ಮಂಡಿ ನೋವು ಸಾರ್."

"ಈಗ ಹತ್ತುವಾಗ ನೋವಾಗುತ್ತಾ?"

ಟೈಪಿಸ್ಟಕ್ಕ ಸುಳ್ಳಾಡುವವರಲ್ಲ. "ಇಲ್ಲ."

"ಹೊತ್ತಿಗೆ ಸರಿಯಾಗಿ ಬರ್ತಿದ್ದೀರಾ?"

"ಹೂಂ ಸಾರ್."

"ಗೈರು ಬೀಳ್ತಿದೆಯಾ?"

"ಇಲ್ಲ. ಆದ್ರೆ..."

"ಹಾಗಾದ್ರೆ ಲಿಫ್ಟ್ ಓಡ್ತಿದೆ ಅಂತ ತಾನೇ ಅರ್ಥ? ಇನ್ನೇನಮ್ಮ ಬೇಕು ನಿಮಗೆ?"

ಟೈಪಿಸ್ಟಕ್ಕ ತಮ್ಮ ಮಂಡಿ ನೋಡಿಕೊಂಡರು, ತಮ್ಮ ಮೇಜಿಗೆ ಹೋಗಿ ಕೂತರು. ಕೆಲಸ ಉಳಿದಿತ್ತು. ದೂರು ಇತ್ಯರ್ಥವಾಯಿತು. ಕಿಂಚಿತ್ತೂ ವಿದ್ಯುತ್ ಬಳಸದೆ ಲಿಫ್ಟ್ ನಡೆಸುತ್ತಿರುವುದಕ್ಕಾಗಿ ಅಧಿಕಾರಿ ಅಲ್ಲೇ ಕೂತು ಮೇಲ್ವಿಚಾರಕರಿಗೆ ಪ್ರಶಂಸಾಪತ್ರ ಬರೆಸಿದರು. ಅದನ್ನು ಟೈಪ್ ಮಾಡಿದವರು ಟೈಪಿಸ್ಟಕ್ಕನೇ. ಒಂದಕ್ಷರ ತಪ್ಪಿರಲಿಲ್ಲ.

ಒಂದು ಸಂಜೆ ಅವಘಡ ನಡೆಯಿತು. ಲೆಕ್ಕದ ಗುಮಾಸ್ತರು ಏನೋ ಯೋಚನೆಯಲ್ಲಿ, ಲಿಫ್ಟ್ ಮರೆತು, ಬಾಗಿಲಿನಿಂದ ನೇರ ಹೊರಗೆ ಕಾಲಿಟ್ಟುಬಿಟ್ಟರು.

"ಅಯ್ಯೋ, ಹೋದ್ರಲ್ಲಪ್ಪಾ!" ಎಂದು ಕಾವಲುಗಾರ ಕೂಗಿದ. ನಾವು ಕಣ್ಣು ಮುಚ್ಚಿಕೊಂಡೆವು. ತೆರೆದಾಗ ಅವರು ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದರು.

ಮೂರನೇ ಮಹಡಿಯಿಂದ ಬಿದ್ದ ನೌಕರರಿಗೆ ಏನು ಕೊಡಬೇಕೆಂಬ ಬಗ್ಗೆ ನಿಯಮ ಸ್ಪಷ್ಟವಾಗಿದೆ. ಎರಡು ವಾರದ ಸಂಬಳಸಹಿತ ವಿಶ್ರಾಂತಿ. ಮೇಲ್ವಿಚಾರಕರು ಎಷ್ಟು ತಿಣುಕಿದರೂ ಅದನ್ನು ತಪ್ಪಿಸಲಾಗಲಿಲ್ಲ. ಗುಮಾಸ್ತರು ಬಿದ್ದಿಲ್ಲ ಎಂದರೆ ಲಿಫ್ಟಿನ ಮಾತು ಬರುತ್ತದೆ.

"ಬಿದ್ದಿದ್ದನ್ನ ಕಣ್ಣಾರೆ ಕಂಡೋರು ಯಾರು?" ಎಂದು ಮೇಲ್ವಿಚಾರಕರು ಹಲ್ಲು ಕಚ್ಚಿ ಕೇಳಿದರು.

"ನಾನು ಸಾರ್," ಎಂದರು ಟೈಪಿಸ್ಟಕ್ಕ. "ದಬಕ್ ಅಂತ ಬಿದ್ರು. ಪಾಪ."

ಮರುದಿನ ಕೆಲಸ ಮುಗಿಯುವ ಹೊತ್ತಿಗೆ ಲಿಫ್ಟಿನ ಮುಂದೆ ಯಾರೂ ಇರಲಿಲ್ಲ. ಇಡೀ ಕಚೇರಿ ಬಾಗಿಲ ಬಳಿ ಸಾಲುಗಟ್ಟಿತ್ತು. ಎಲ್ಲರಿಗಿಂತ ಮುಂದೆ, ಚೀಲವನ್ನು ಹೆಗಲಿಗೇರಿಸಿ, ಸೆರಗು ಬಿಗಿದು, ಟೈಪಿಸ್ಟಕ್ಕ ನಿಂತಿದ್ದರು. ಭಾವಮೈದುನ ಲಿಫ್ಟ್ ಬಿಟ್ಟು ಓಡಿಬಂದು ಎರಡೂ ಕೈ ಚಾಚಿ ನಮ್ಮನ್ನು ತಡೆದರು.

"ಸಾಲಲ್ಲಿ ಬನ್ರೀ, ಸಾಲಲ್ಲಿ! ಹೀಗೆ ನೂಕಾಡಿದ್ರೆ ಯಾರಾದ್ರೂ ತಮ್ಮ ಸರದಿಗೆ ಮೊದಲೇ ಬಿದ್ದುಬಿಡ್ತೀರಿ!"